ಮೂಡಲಗಿಯ ಅಕ್ಕಾರು ತಿದ್ದಿಸಿದ ಪುಟ

ಆಗ ನಾನು ಗೋಕಾಕದಲ್ಲಿ ಡಿಟಿಪಿ ಅಂಗಡಿ ನಡೆಸುತ್ತಿದ್ದೆ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲುಗಳ ಕೆಲಸ. ಕಂಪ್ಯೂಟರ್ ಮಾಸಪತ್ರಿಕೆಯೊಂದರ ಜೊತೆ ಬಂದ, ವಿಂಡೋಸ್ ಬದಲು ಪುಕ್ಕಟೆಯಾಗಿ ಬಳಸಬಹುದಾದ ಲಿನಕ್ಸ್‌ನ ಸಿಡಿಯನ್ನು ಹುಮ್ಮಸ್ಸಿನಿಂದ ಹಾಕಿಕೊಂಡೆ. ಕೆಲವು ದಿನ ಚೆನ್ನಾಗಿಯೇ ನಡೆಯಿತು. ಒಂದು ಬೆಳಿಗ್ಗೆ ಕಪ್ಪು ಪರದೆಯ ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರ ಮೂಡಿ ಕಂಪ್ಯೂಟರ್ ಅಲ್ಲೇ ನಿಂತಿತು. ಹುಕ್ಕೇರಿಯ ಗಿರಾಕಿಯೊಬ್ಬರ ಲಗ್ನಪತ್ರಿಕೆ ಒಳಗೇ ಸಿಕ್ಕಿಕೊಂಡಿತ್ತು.

ಲಿನಕ್ಸ್‌ನ ಕೈಪಿಡಿಯಲ್ಲಿ ಇದಕ್ಕೆ ಒಂದೇ ಸಾಲಿನ ಉತ್ತರವಿತ್ತು: ಬೂಟ್ ಲೋಡರನ್ನು, ಅಂದರೆ ಕಂಪ್ಯೂಟರ್ ಶುರುವಾದಾಗ ಲಿನಕ್ಸನ್ನು ತೆರೆಯುವ ಪುಟ್ಟ ಪ್ರೋಗ್ರಾಮನ್ನು, ಮತ್ತೆ ಹಾಕಿ. ಹೇಗೆ ಎಂದು ಹೇಳಿರಲಿಲ್ಲ. ನೆಟ್ ಕೆಫೆಗೆ ಅಲೆದು, ಎರಡು ದಿನ ಒದ್ದಾಡಿ ಸರಿಮಾಡಿದೆ. ಲಗ್ನಪತ್ರಿಕೆ ತಡವಾಗಿಯಾದರೂ ಹೊರಬಂತು. ಆ ಕೈಪಿಡಿಗೆ ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದೆಂದು ತಿಳಿದದ್ದು ಆಗಲೇ. ನಾನು ಮಾಡಿದ್ದನ್ನೆಲ್ಲ ನನ್ನ ಹರಕು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಯಾರೋ ದೂರದೇಶದವರು ಭಾಷೆ ತಿದ್ದಿ ಸೇರಿಸಿಕೊಂಡರು. ಆ ಪುಟದ ಪ್ರಿಂಟ್ ತೆಗೆದು, ಸಿಡಿ ಕೇಳಿದವರಿಗೆಲ್ಲ ಹೆಮ್ಮೆಯಿಂದ ಕೊಡುತ್ತಿದ್ದೆ.

ಹಾಗೆ ಒಯ್ದವರಲ್ಲಿ ಮೂಡಲಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅಕ್ಕಾರೊಬ್ಬರಿದ್ದರು. ತಿಂಗಳೊಳಗೆ ಅವರ ಫೋನ್ ಬಂತು. ಶಾಲೆಯ ಕಂಪ್ಯೂಟರಿನಲ್ಲಿ ಮೊದಲು ಲಿನಕ್ಸ್ ಮಾತ್ರ ತೆರೆಯುತ್ತಿರಲಿಲ್ಲ. ನನ್ನ ಪುಟದಂತೆ ಮಾಡಿದ ಮೇಲೆ ಹಳೆಯ ವಿಂಡೋಸ್ ಕೂಡ ತೆರೆಯುತ್ತಿಲ್ಲವಂತೆ. ಅವರೇ ಏನೋ ಬಿಟ್ಟಿರಬೇಕು ಎಂದುಕೊಂಡು ಬಸ್ ಹತ್ತಿದೆ.

ಮೇಜಿನ ಮೇಲೆ ನನ್ನ ಪುಟವಿತ್ತು. ಪ್ರತಿ ಸಾಲಿನ ಪಕ್ಕ ಪೆನ್ಸಿಲಿನ ಗುರುತು. ಒಂದನ್ನೂ ಬಿಟ್ಟಿರಲಿಲ್ಲ. ಕಂಪ್ಯೂಟರಿನ ಡಬ್ಬಿ ಬಿಚ್ಚಿ ನೋಡಿದರೆ ಒಳಗೆ ಎರಡು ಹಾರ್ಡ್ ಡಿಸ್ಕ್. ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ, ಅದಕ್ಕೇ ‘ಮೊದಲನೇ ಡಿಸ್ಕ್’ ಎಂದು ಬರೆದು ಮುಗಿಸಿದ್ದೆ. ಅವರ ಲಿನಕ್ಸ್ ಎರಡನೆಯದರಲ್ಲಿತ್ತು. ಮೊದಲನೆಯದರಲ್ಲಿದ್ದದ್ದು ವಿಂಡೋಸ್; ನನ್ನ ಪುಟದಂತೆ ಮಾಡಿದಾಗ ಅದನ್ನು ತೆರೆಯುವ ಭಾಗವೇ ಅಳಿಸಿಹೋಗಿತ್ತು.

“ನಾ ಎಲ್ಲಿ ತಪ್ಪಿದೆ ಹೇಳ್ರಿ,” ಎಂದರು ಅಕ್ಕಾರು. ಹೆಡ್‌ಮಾಸ್ಟರಿಗೆ ಏನು ಹೇಳುವುದೆಂಬ ಚಿಂತೆ ಅವರ ದನಿಯಲ್ಲಿತ್ತು.

“ನೀವು ತಪ್ಪಿಲ್ರಿ ಅಕ್ಕಾರ. ನಾನ ತಪ್ಪ ಬರದೇನಿ.”

ಹಾಗೆಂದು ಕಂಪ್ಯೂಟರಿನ ಮುಂದೆ ಕುಳಿತೆ.

ಸಂಜೆಯೊಳಗೆ ವಿಂಡೋಸ್, ಲಿನಕ್ಸ್ ಎರಡೂ ತೆರೆದವು. ಪುಟದಲ್ಲಿ ‘ಡಿಸ್ಕ್ ನೋಡಿಕೊಳ್ಳಿ’ ಎಂಬ ಮಾತು ಸೇರಿಸುತ್ತೇನೆ ಎಂದೆ. ಅವರು ಒಪ್ಪಲಿಲ್ಲ.

“ಅಷ್ಟ ಬರದ್ರ ಸಾಲಂಗಿಲ್ರಿ. ಎಲ್ಲಿ ನೋಡಬೇಕು, ಏನ್ ಕಂಡ್ರ ಏನ್ ಮಾಡಬೇಕು, ಅದನ್ನೂ ಬರೀರಿ. ಓದಾವ್ರ ಬಾಜೂ ನೀವು ಕುಂತಿರಂಗಿಲ್ಲ.”

ಅಲ್ಲೇ ಕುಳಿತು ಹೊಸದಾಗಿ ಬರೆದೆವು. ಅವರ ಪ್ರಶ್ನೆಗಳಿಂದಾಗಿ ಒಂದು ಪುಟ ಮೂರಾಯಿತು. ಕಳಿಸುವಾಗ ನನ್ನ ಹೆಸರಿನ ಜೊತೆ ಅವರದನ್ನೂ ಹಾಕಿದೆ. ಹಳೆಯ ಪುಟವನ್ನು ನಂಬಿ ಇನ್ನೆಷ್ಟು ಜನ ಕೈಸುಟ್ಟುಕೊಂಡರೋ ಗೊತ್ತಿಲ್ಲ. ನನಗೆ ಫೋನ್ ಮಾಡಿ ಕೇಳಿದವರು ಅವರೊಬ್ಬರೇ.

ಮರುವರ್ಷ, ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡುವ ಬಗೆಯನ್ನು ಅಕ್ಕಾರು ತಾವೇ ಬರೆದು, ನೋಡಿ ಹೇಳಿ ಎಂದು ನನಗೆ ಕೊಟ್ಟರು. ಅದರಲ್ಲಿದ್ದಂತೆ ಒಂದೊಂದೇ ಮಾಡುತ್ತ ಹೋದೆ. ಎಲ್ಲೂ ತಡವರಿಸಬೇಕಾಗಲಿಲ್ಲ.