ಎಡಗಣ್ಣಿನೊಳಗಿನ ಮಚ್ಚೆ

ಕನ್ನಡಕದ ನಂಬರ್ ನೋಡಿಸಲು ವರ್ಷಕ್ಕೊಮ್ಮೆ ನಾನಿರುವ ವಾಕಡ ಬಡಾವಣೆಯ ಒಂದು ಕಣ್ಣಿನ ಕ್ಲಿನಿಕ್ಕಿಗೆ ಹೋಗುತ್ತೇನೆ. ಅಲ್ಲಿ ತಪಾಸಣೆ ಮಾಡುವ ವಿಜಯಪುರದ ಹೆಂಗಸು ಪ್ರತಿ ಸಲ ರೆಟಿನಾದ ಫೋಟೋ ತೆಗೆಯಲೇ ಎಂದು ಕೇಳುತ್ತಿದ್ದರು. ಆಫೀಸಿಗೆ ತಡವಾಗುತ್ತದೆಂದು ನಾನು ಬೇಡ ಎನ್ನುತ್ತಿದ್ದೆ. ಈ ಸಲ ಅವರು ಕೇಳದೆಯೇ ನನ್ನನ್ನು ಕ್ಯಾಮೆರಾದ ಮುಂದೆ ಕೂರಿಸಿದರು.

ಎಡಗಣ್ಣಿನ ಫೋಟೋದಲ್ಲಿ ಬೂದು ಬಣ್ಣದ ಪುಟ್ಟ ಮಚ್ಚೆ ಕಂಡಿತು. ಚರ್ಮದ ಮೇಲೆ ಇರುವಂಥದ್ದೇ, ಸಾಮಾನ್ಯವಾಗಿ ಅಪಾಯವಿಲ್ಲ, ಬೆಳೆಯುತ್ತಿದ್ದರೆ ಮಾತ್ರ ಕಷ್ಟ ಎಂದ ಡಾಕ್ಟರು ಹಳೆಯ ಫೋಟೋ ಕೇಳಿದರು. ಒಂದೂ ಇರಲಿಲ್ಲ.

"ಮೂರು ವರ್ಷ ಬ್ಯಾಡ ಬ್ಯಾಡ ಅಂದ್ರಿ ಮೇಡಂ," ಎಂದರು ಆ ಹೆಂಗಸು, ಹೊರಗೆ ಬಂದ ಮೇಲೆ. "ಈಗ ಅದು ಹುಟ್ಟಿದಾಗಿಂದ ಅದನೋ, ಮೊನ್ನೆ ಬಂದದ್ದೋ, ಯಾರ್ನ ಕೇಳೂಣ್ರಿ?"

ನಾಲ್ಕು ತಿಂಗಳ ಬಳಿಕ ಇನ್ನೊಂದು ಫೋಟೋ ತೆಗೆದು ಎರಡನ್ನೂ ಹೋಲಿಸಬೇಕಂತೆ. ಮಚ್ಚೆ ನನ್ನ ಕಣ್ಣಿಗೇ ಕಾಣುವಂಥದ್ದಲ್ಲ ಎಂದು ಗೊತ್ತಿದ್ದೂ ಮೀಟಿಂಗಿನ ನಡುವೆ ಬಲಗಣ್ಣು ಮುಚ್ಚಿ ಗೋಡೆಯಲ್ಲಿ ಅದನ್ನು ಹುಡುಕುತ್ತಿದ್ದೆ. ಹತ್ತನೇ ದಿನ ತಡೆಯಲಾರದೆ ಕ್ಲಿನಿಕ್ಕಿಗೆ ಫೋನ್ ಮಾಡಿ, ಸ್ವಲ್ಪ ಬೇಗ ಬರಬಹುದೇ ಎಂದು ಆ ಹೆಂಗಸನ್ನೇ ಕೇಳಿದೆ.

"ಬೇಕಂದ್ರ ನಾಳೆನ ಬರ್ರಿ," ಎಂದು ಅವರು ನಕ್ಕರು. "ಆದ್ರ ಹತ್ತು ದಿನದಾಗ ಬೆಳದದೋ ಇಲ್ಲೋ ಅನ್ನೂದು ಫೋಟೋಕ್ಕೂ ತಿಳಿಯೂದಿಲ್ರಿ."