ಸುಜಾತಾ ಸೆರಗು ಒಡ್ಡಲಿಲ್ಲ

ಸುಜಾತಾಗೆ ಇಪ್ಪತ್ತಾರು. ಯಾದಗಿರಿ ಕಡೆಯವಳು. ಹೊಸ ತಿಪ್ಪಸಂದ್ರದ ಒಂದೇ ಬಾಡಿಗೆ ಕೋಣೆಯಲ್ಲಿ ಗಂಡ ಭೀಮಾಶಂಕರ, ಅತ್ತೆ ಬಾಲಮ್ಮ, ಇಬ್ಬರು ಹೆಣ್ಣುಮಕ್ಕಳ ಜೊತೆ ಇದ್ದಾಳೆ. ಬೆಳಗಾದರೆ ಇಂದಿರಾನಗರದ ಮೂರು ಮನೆಗಳಲ್ಲಿ ರೊಟ್ಟಿ ಬಡಿಯುತ್ತಾಳೆ. ಎರಡನೇ ಹೆರಿಗೆಯಲ್ಲಿ ರಕ್ತ ನಿಲ್ಲದೆ ಸಾಯುವುದೊಂದು ಬಾಕಿ ಇತ್ತು. ಇನ್ನೊಂದು ಹೆತ್ತರೆ ನೀನು ಉಳಿಯಲ್ಲ ಅಂದರು ಡಾಕ್ಟರು. ಸೋಮವಾರ ಮತ್ತೆ ಮಕ್ಕಳಾಗದಂತೆ ಆಪರೇಷನ್ ಎಂದು ಚೀಟಿ ಬರೆದುಕೊಟ್ಟರು.

ಹಿಂದಿನ ದಿನ ಭಾನುವಾರ, ಗಣರಾಜ್ಯೋತ್ಸವ. ಮಾರ್ಕೆಟ್ ರಸ್ತೆಗೆ ಅಡ್ಡಲಾಗಿ ಶಾಮಿಯಾನ. ‘ವೀರಮಾತಾ ಬಳಗ’ದ ಮುರಳಿಯವರು ಈ ಸಲ ಹೊಸತೊಂದು ಹುಡುಕಿದ್ದರು: ಉತ್ತರ ಕರ್ನಾಟಕದ ತಾಯಂದಿರಿಗೆ ಅವರದೇ ಪದ್ಧತಿಯಲ್ಲಿ ಉಡಿ ತುಂಬುವುದು. ಅಕ್ಕಿ, ಕೊಬ್ಬರಿ, ಮೂರು ಬಣ್ಣದ ಕುಪ್ಪಸದ ಖಣ. ಜೊತೆಗೆ, ದೇಶಕ್ಕೊಬ್ಬ ಸಿಪಾಯಿ ಹುಟ್ಟಲಿ ಅನ್ನುವ ಹಾರೈಕೆ.

ಆ ಕಡೆಯವರಿಗೆ ಉಡಿ ಎಂದರೆ ಸನ್ಮಾನದ ಶಾಲಲ್ಲ. ಬಾಲಮ್ಮನ ಲೆಕ್ಕದಲ್ಲಿ, ನಾಲ್ಕು ಜನರೆದುರು ಸೆರಗೊಡ್ಡಿ ತುಂಬಿಸಿಕೊಂಡರೆ ಇನ್ನೊಂದು ಹೆರುತ್ತೇನೆಂದು ದೇವರಿಗೆ ಮಾತು ಕೊಟ್ಟಂತೆ. ಮಾರನೇ ದಿನವೇ ಆಪರೇಷನ್ನಿಗೆ ಹೋದ ಸೊಸೆಯನ್ನು ಆಕೆ ಹೊಸ್ತಿಲು ದಾಟಿಸುವುದಿಲ್ಲ. ಭೀಮಾಶಂಕರನಿಗೆ ಇದು ಗೊತ್ತು. ಗೊತ್ತಿದ್ದೇ ಹೆಂಡತಿಯ ಹೆಸರು ಬರೆಸಿ ಬಂದಿದ್ದ. ತಾನು ಬೈದು ತಡೆಯಲಾಗದ್ದನ್ನು ದೇಶದ ಹೆಸರಲ್ಲಿ ತಡೆಯುವ ಜಾಣ!

ಮೈಕಿನಲ್ಲಿ ಹೆಸರು ಕೂಗಿದಾಗಲೇ ಸುಜಾತಾಗೆ ತಿಳಿದದ್ದು. ವೇದಿಕೆ ಹತ್ತಿದಳು, ನಿಂತಳು.

“ಸೆರಗ ಒಡ್ಡವ್ವಾ, ಗರ ಬಡದಾಂಗ ಯಾಕ ನಿಂತಿ?” ಕೆಳಗಿಂದ ಬಾಲಮ್ಮ.

ಸುಜಾತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. “ಒಲ್ಲೆ, ಅತ್ತಿ.”

“ಸಂಕೋಚ ಬೇಡಮ್ಮ,” ಮುರಳಿ ನಕ್ಕರು. “ಭಾರತಮಾತೆಗೆ ಒಬ್ಬ ಮಗನ್ನ ಕೊಡಲ್ವಾ?”

“ನಿಮ್ಮ ಮಗ ಮಿಲ್ಟ್ರಿಯಾಗ ಅದಾನೇನ್ರೀ?”

“ಅವನು... ಜಿಮ್ ಇಟ್ಟಿದ್ದಾನೆ.”

“ಡಂಬೆಲ್ ಎತ್ತಿ ದೇಶ ಕಾಯ್ತಾವ್ನೆ ಬಿಡು ಗುರು!” ಹಿಂದಿನ ಸಾಲಿನಿಂದ ಯಾರೋ. ಗೊಳ್ಳೆಂದು ನಗು. ಮುರಳಿ ಮೈಕು ಬಂದ್ ಮಾಡಿಸಿದರು.

“ನಾ ಸತ್ರ ಈ ಎರಡು ಹುಡುಗ್ಯಾರ್ನ ಯಾರು ನೋಡ್ತಾರ? ನಿಮ್ಮ ಬಳಗಾ?” ಅವಳ ಮಾತು ಮೊದಲ ಸಾಲಿಗಷ್ಟೇ ಕೇಳಿಸಿತು. ತಾಯಿ ತಾಯಿ ಎಂದು ಕೈಮುಗಿಯುವ ಈ ಜನಕ್ಕೆ ಅವಳ ಹೊಟ್ಟೆ ಬೇಕು, ಬಾಯಿ ಬೇಡ.

ಸೋಮವಾರ ಮಕ್ಕಳನ್ನು ಪಕ್ಕದ ಮನೆಯ ಮೆಹರುನ್ನೀಸಾ ಹತ್ತಿರ ಬಿಟ್ಟು ಒಬ್ಬಳೇ ಆಸ್ಪತ್ರೆಗೆ ಹೋದಳು.

“ಯಜಮಾನ್ರು ಬಂದಿಲ್ವಾ? ಸೈನ್ ಬೇಕಲ್ಲಮ್ಮ,” ಅಂದರು ಕೌಂಟರಿನವರು. ಕಾನೂನಿನಲ್ಲಿ ಬೇಕಿಲ್ಲ, ಸ್ವಾಮಿ. ಕೇಳುವುದು ಚಾಳಿ.

“ಹೊಟ್ಟಿ ನಂದು. ನಾನೇ ಸೈನ್ ಮಾಡ್ತೀನಿ. ಎಲ್ಲಿ ಕೂಡ್ಲಿ?”

ಬೆಂಚಿನ ಮೇಲೆ ಕೂತಳು. ಭೀಮಾಶಂಕರ ಏಳು ಸಲ ಫೋನ್ ಮಾಡಿದ. ಎತ್ತಲಿಲ್ಲ. ವಾಪಸು ಹೋದಾಗ ಆ ಕೋಣೆಯ ಬಾಗಿಲು ತೆಗೆಯುತ್ತಾರೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಎಂಟನೇ ಸಲ ಫೋನ್ ಹೊಡೆದುಕೊಳ್ಳುತ್ತಿದ್ದಾಗ ನರ್ಸ್ ಕೈಸನ್ನೆ ಮಾಡಿದಳು. ಸುಜಾತಾ ಫೋನ್ ಆಫ್ ಮಾಡಿ ಒಳಗೆ ಹೋದಳು.