ಕತ್ತರಿ ಭಾವ

ಬೆಳಗಿನಿಂದ ಲ್ಯಾಪ್‌ಟಾಪ್ ಕಣ್ಣು ಬಿಟ್ಟಿರಲಿಲ್ಲ. ಮಗಳು ಹುಟ್ಟಿದಾಗಿನ ಫೋಟೊಗಳೆಲ್ಲ ಹೋದವೇನೋ ಎಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಭಾವನಿಗೆ, ಅಂದರೆ ಗಂಡನ ಅಣ್ಣನಿಗೆ ಹೇಳೋಣವೆಂದರೆ, ಅಷ್ಟೊಂದು ಫೋಟೊ ಯಾಕೆ ಎಂದಾರೆಂಬ ಭಯ. ಪುಟ್ಟ ಯಂತ್ರಗಳಿಗೂ, ಕೆಟ್ಟ ಕಂಪ್ಯೂಟರುಗಳನ್ನು ಎಬ್ಬಿಸುವುದಕ್ಕೂ ಬೇಕಾದ ಕಮಾಂಡುಗಳನ್ನೆಲ್ಲ, ಅಂದರೆ ಯಂತ್ರಕ್ಕೆ ಕೊಡುವ ಅಪ್ಪಣೆಗಳನ್ನೆಲ್ಲ, ಕತ್ತರಿಸಿ ಕಿರಿದು ಮಾಡಿ ಒಂದೇ ಪುಟ್ಟ ಪ್ರೋಗ್ರಾಮಿಗೆ ತುರುಕುವುದು ಅವರ ಕೆಲಸ. ತುರುಕಿ ತುರುಕಿ ಅವರಿಗೆ ಜಗತ್ತೇ ದಪ್ಪ ಕಾಣುತ್ತದೆ. ಮಗುವಿನ ಚೀಲ ನೋಡಿ, "ಏನಮ್ಮಾ, ಮನೆ ಖಾಲಿ ಮಾಡ್ತಿದ್ದೀಯಾ?" ಎನ್ನುತ್ತಾರೆ, ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿಕೊಂಡಿದ್ದಾರೆ. ಆದರೆ ಪ್ರತಿ ಕಮಾಂಡನ್ನು ಹೇಗೆ ಬಳಸಬೇಕೆಂದು ತಿಳಿಸುವ ಸಾಲುಗಳಿಗೆ ಮಾತ್ರ ಕತ್ತರಿ ಹಾಕುವುದಿಲ್ಲ. "ಅದು ಭಾರ ಅಲ್ವಾ?" ಎಂದು ನನ್ನ ಗಂಡ ಕೆಣಕಿದಾಗ, "ಕೆಟ್ಟ ಮಷೀನ್ ಮುಂದೆ ಕೂತೋರಿಗೆ ಗಾಬರೀಲಿ ಗೊತ್ತಿರೋದೂ ಮರೆತುಹೋಗುತ್ತೆ ಕಣೋ" ಎಂದಿದ್ದರು. ಕೊನೆಗೂ ಫೋನ್ ಮಾಡಿದೆ. "ಭಾವಾ, ಲ್ಯಾಪ್‌ಟಾಪ್... ಫೋಟೊ ಎಲ್ಲಾ..." ಎಂದು ತಡವರಿಸಿದೆ. "ಮೊದ್ಲು ನೀರು ಕುಡಿಯಮ್ಮಾ," ಎಂದರು, "ಆಮೇಲೆ ನಿಧಾನವಾಗಿ, ಒಂದೂ ಬಿಡದೆ ಹೇಳು."